ಬಲ ನಮ್ಮಲ್ಲಿದೆ, ವೃತ್ತಕ್ಕೊಬ್ಬ ಉಸ್ತಾದ ಬೇಕು

2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಡಿಸ್ಕಸ್ಸನ್ನು 63.64 ಮೀಟರ್ ಎಸೆದು ಚಿನ್ನ ಗೆದ್ದಾಗ ಪತ್ರಿಕೆಗಳೆಲ್ಲ ಮಿಲ್ಖಾ ಸಿಂಗ್ ಅವರನ್ನು ನೆನೆದವು. 1958ರಲ್ಲಿ ಕಾರ್ಡಿಫ್‌ನಲ್ಲಿ ಮಿಲ್ಖಾ ಓಡಿ ಗೆದ್ದ ಮೇಲೆ ಆ ಕೂಟದ ಅಥ್ಲೆಟಿಕ್ಸ್‌ನಲ್ಲಿ ಚಿನ್ನ ತಂದ ಮೊದಲ ಭಾರತೀಯ ಪುರುಷ ನಮ್ಮ ಕನ್ನಡದ ಹುಡುಗ. ಹೆಮ್ಮೆಪಡಲು ಅಷ್ಟು ಸಾಕಿತ್ತು. ಆತನನ್ನು ತಿದ್ದಿದವರು ಯಾರು ಎಂದು ಮಾತ್ರ ಹೆಚ್ಚು ಜನ ಕೇಳಲಿಲ್ಲ.

ಮೊದಲ ಗುರು ತಂದೆಯೇ. ಶಿವೇಗೌಡರು 1988ರ ಒಲಿಂಪಿಕ್ಸ್‌ಗೆ ಹೋದ ಭಾರತದ ಅಥ್ಲೆಟಿಕ್ಸ್ ತಂಡದ ತರಬೇತುದಾರರಾಗಿದ್ದವರು. ವಿಕಾಸ್ ಇನ್ನೂ ಸಣ್ಣವನಿದ್ದಾಗಲೇ ಮನೆಯವರೆಲ್ಲ ಅಮೆರಿಕಕ್ಕೆ ಹೋದರು. ಅಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಓದುತ್ತ ಆತ ಗುಂಡೂ ಎಸೆದ, ಡಿಸ್ಕಸ್ಸೂ ಎಸೆದ. 2006ರಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್ ಆದ. ಅದಾದ ಮೇಲೆ ಆತ ಹುಡುಕಿಕೊಂಡು ಹೋದದ್ದು ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿದ್ದ ಜಾನ್ ಗೊಡಿನಾ ಅವರನ್ನು. ವೃತ್ತದೊಳಗೆ ಬಹುಕಾಲ ನಿಂತು, ಗೆದ್ದು, ಸೋತು, ಮತ್ತೆ ಗೆದ್ದು, ಕೊನೆಗೆ ಎಸೆತ ಕಲಿಸುವುದನ್ನೇ ಬದುಕು ಮಾಡಿಕೊಂಡ ಗುಂಡು ಎಸೆತಗಾರ ಆತ. ವಿಕಾಸ್ 66.28 ಮೀಟರಿನ ರಾಷ್ಟ್ರೀಯ ದಾಖಲೆ ಬರೆದದ್ದು, ಲಂಡನ್ ಒಲಿಂಪಿಕ್ಸ್‌ನಲ್ಲಿ ಫೈನಲ್ ಮುಟ್ಟಿ ಎಂಟನೆಯವನಾದದ್ದು ಎರಡೂ 2012ರಲ್ಲಿ, ಗೊಡಿನಾ ಗರಡಿಯ ಕಾಲದಲ್ಲಿ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಓದುಗರಿಗೆ ಈ ಗೊಡಿನಾ ಕಥೆ ಯಾಕೆ ಬೇಕು ಅನ್ನಿಸಬಹುದು. ಬೇಕು. ಜಾತ್ರೆಯ ಬಯಲಿನಲ್ಲಿ ಸಂಗ್ರಾಣಿ ಕಲ್ಲು ಎತ್ತುವ, ಗುಂಡು ಹೆಗಲಿಗೇರಿಸುವ, ಉಸುಕಿನ ಚೀಲ ಹೊರುವ ಹುಡುಗರು ರಾಜ್ಯದ ಬೇರೆ ಭಾಗಗಳಲ್ಲಿ ಇಷ್ಟು ಸುಲಭಕ್ಕೆ ಸಿಗುವುದಿಲ್ಲ. ಕರಿ ಮಣ್ಣು, ಕಬ್ಬು, ಜೋಳದ ರೊಟ್ಟಿ, ಹೈನು, ಕುಸ್ತಿಯ ಗರಡಿ ಇವೆಲ್ಲ ಸೇರಿ ಈ ನಾಲ್ಕು ತಾಲೂಕಿನಲ್ಲಿ ಒಂದು ದೇಹಸಂಪತ್ತು ಬೆಳೆದಿದೆ. ಆ ಸಂಪತ್ತು ಎಸೆತದ ವೃತ್ತದವರೆಗೆ ಬಂದು ತಲುಪುತ್ತಿಲ್ಲ ಎಂಬುದು ನನ್ನ ಕೊರಗು. ತಲುಪಿಸಬಲ್ಲವರು ಗೊಡಿನಾ ಥರದ ಜನ.

ಗೊಡಿನಾ ಹುಟ್ಟಿದ್ದು 1972ರಲ್ಲಿ. ಬೆಳೆದದ್ದು ವಯೊಮಿಂಗ್ ರಾಜ್ಯದ ಶಾಯೆನ್ ಎಂಬ ಊರಿನಲ್ಲಿ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಆರ್ಟ್ ವೆನೆಗಾಸ್ ಎಂಬ ಗುರು ಸಿಕ್ಕರು. 1995ರಲ್ಲಿ ಗೊಥೆನ್‌ಬರ್ಗ್‌ನಲ್ಲಿ, 1997ರಲ್ಲಿ ಅಥೆನ್ಸ್‌ನಲ್ಲಿ, 2001ರಲ್ಲಿ ಎಡ್ಮಂಟನ್‌ನಲ್ಲಿ ಹೀಗೆ ಮೂರು ಬಾರಿ ವಿಶ್ವ ಚಾಂಪಿಯನ್. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ. 2000ದಲ್ಲಿ ಸಿಡ್ನಿಗೆ ಹೋಗುವ ಅಮೆರಿಕದ ಆಯ್ಕೆ ಸ್ಪರ್ಧೆಯಲ್ಲಿ ಆತ ನಾಲ್ಕನೆಯವನಾಗಿ ಹೊರಗುಳಿದಿದ್ದ. ತಂಡದಲ್ಲಿದ್ದ ಒಬ್ಬ ಹಿಂದೆ ಸರಿದಿದ್ದರಿಂದ ಜಾಗ ತೆರೆಯಿತು. ಸಿಡ್ನಿಯಲ್ಲಿ 21.20 ಮೀಟರ್ ಎಸೆದು ಕಂಚು ತಂದ. ಚಿನ್ನ ಗೆದ್ದ ಫಿನ್ಲೆಂಡಿನ ಆರ್ಸಿ ಹರ್ಯು ಎಸೆದದ್ದು 21.29. ಬೆಳ್ಳಿ ಗೆದ್ದ ಆಡಂ ನೆಲ್ಸನ್ 21.21. ಮೊದಲನೆಯವನಿಗೂ ಮೂರನೆಯವನಿಗೂ ನಡುವೆ ಒಂಬತ್ತೇ ಸೆಂಟಿಮೀಟರ್! ಬೆಳ್ಳಿಗೂ ಕಂಚಿಗೂ ಒಂದು ಸೆಂಟಿಮೀಟರ್.

ಗೊಡಿನಾ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಅಂಕಿ ಪದಕದ್ದಲ್ಲ. ಆತ ತನ್ನ ಜೀವಮಾನದ ಅತಿ ದೂರದ ಎಸೆತ, 22.20 ಮೀಟರ್, ಎಸೆದದ್ದು 2005ರಲ್ಲಿ. ಮೊದಲ ವಿಶ್ವ ಚಾಂಪಿಯನ್ ಪಟ್ಟ ಕಟ್ಟಿಕೊಂಡು ಹತ್ತು ವರ್ಷ ಆಗಿತ್ತು, ವಯಸ್ಸು ಮೂವತ್ತಮೂರರ ಹೊಸ್ತಿಲು. ನೂರು ಮೀಟರ್ ಓಟಗಾರನೊಬ್ಬ ಆ ವಯಸ್ಸಿಗೆ ಸಾಮಾನ್ಯವಾಗಿ ಬೂಟು ಕಳಚಿರುತ್ತಾನೆ. ಗುಂಡು ಎಸೆತಗಾರ ಆಗಷ್ಟೇ ಮಾಗುತ್ತಿರುತ್ತಾನೆ.

ಇದಕ್ಕೆ ಕಾರಣ ಎಸೆತದ ಒಳಗೇ ಇದೆ. ಪುರುಷರ ಗುಂಡಿನ ತೂಕ 7.26 ಕಿಲೊ, ಮಹಿಳೆಯರದು 4 ಕಿಲೊ. ಎಸೆಯುವ ವೃತ್ತದ ಅಡ್ಡಳತೆ 2.135 ಮೀಟರ್, ಎತ್ತರದ ಆಳೊಬ್ಬ ಅಂಗಾತ ಮಲಗಿದರೆ ತಲೆಯೂ ಕಾಲೂ ಅಂಚಿನ ಹತ್ತಿರಕ್ಕೆ ಬರುವಷ್ಟು ಜಾಗ. ಅಷ್ಟರೊಳಗೆ ನಿಂತಲ್ಲಿಂದ ಹೊರಟು, ವೇಗ ಪಡೆದು, ಮುಂದಿನ ಅಂಚಿನ ಹತ್ತು ಸೆಂಟಿಮೀಟರ್ ಎತ್ತರದ ಹಲಗೆಯ ಮುಂದೆ ಗಕ್ಕನೆ ನಿಂತು, ಆ ವೇಗವನ್ನೆಲ್ಲ ಗುಂಡಿಗೆ ಕೊಟ್ಟು, ತಾನು ಮಾತ್ರ ಹೊರಗೆ ಬೀಳದೆ ಉಳಿಯಬೇಕು. ಒಂದೆರಡು ಸೆಕೆಂಡಿನ ಕೆಲಸ. ಅಷ್ಟರಲ್ಲಿ ಹಿಮ್ಮಡಿಯಿಂದ ಬೆರಳ ತುದಿಯವರೆಗೆ ದೇಹದ ಯಾವ ಭಾಗ ಯಾವುದಕ್ಕಿಂತ ಮೊದಲು ತಿರುಗಬೇಕು ಎಂಬುದು ಮೈಗೆ ಹತ್ತಲು ವರ್ಷಗಳು ಹಿಡಿಯುತ್ತವೆ. ಸ್ನಾಯುವಿನ ಬಲ ಇಪ್ಪತ್ತೈದಕ್ಕೆ ಬಂದರೂ ಈ ಅನುಕ್ರಮ ಮೂವತ್ತಕ್ಕೆ ಬರುತ್ತದೆ. ಅಮೆರಿಕದ ಪ್ಯಾರಿ ಒಬ್ರಾಯನ್ 1952 ಮತ್ತು 1956ರಲ್ಲಿ ಚಿನ್ನ, 1960ರಲ್ಲಿ ಬೆಳ್ಳಿ, 1964ರಲ್ಲಿ ನಾಲ್ಕನೆಯ ಸ್ಥಾನ ಅಂತ ನಾಲ್ಕು ಒಲಿಂಪಿಕ್ಸ್ ಎಸೆದ. ಈಗಿನ ರಯಾನ್ ಕ್ರೌಸರ್ 2016, 2021, 2024 ಮೂರೂ ಬಾರಿ ಚಿನ್ನ ಗೆದ್ದು, ನಡುವೆ 2023ರಲ್ಲಿ 23.56 ಮೀಟರಿನ ವಿಶ್ವದಾಖಲೆಯನ್ನೂ ಬರೆದ.

ಒಬ್ರಾಯನ್ ಹೆಸರು ಹೇಳಿದ ಮೇಲೆ ಆತ ಮಾಡಿದ ಕೆಲಸವನ್ನೂ ಹೇಳಲೇಬೇಕು. ಅವನಿಗಿಂತ ಮುಂಚೆ ಎಸೆತಗಾರರು ಪಕ್ಕಕ್ಕೆ ನಿಂತು ಶುರುಮಾಡುತ್ತಿದ್ದರು. ಆತ ಎಸೆಯುವ ದಿಕ್ಕಿಗೆ ಬೆನ್ನು ಕೊಟ್ಟು ನಿಂತ. ಅಲ್ಲಿಂದ ಹಿಂದಕ್ಕೆ ಜಾರಿ, ಅರ್ಧ ಸುತ್ತು ತಿರುಗಿ ಎಸೆದ. ಗುಂಡನ್ನು ತಳ್ಳುವ ದಾರಿ ಉದ್ದವಾಯಿತು, ವೇಗ ಕೂಡಿತು. ಇದಕ್ಕೆ ಗ್ಲೈಡ್ ಅನ್ನುತ್ತಾರೆ. ಎಪ್ಪತ್ತರ ದಶಕದಲ್ಲಿ ಡಿಸ್ಕಸ್ ಎಸೆಯುವವರ ಹಾಗೆ ವೃತ್ತದಲ್ಲಿ ಪೂರ್ತಿ ಸುತ್ತುವ ಪದ್ಧತಿ ಬಂತು. ಸೋವಿಯತ್ ಒಕ್ಕೂಟದ ಬರಿಶ್ನಿಕೋವ್ 1976ರಲ್ಲಿ ಹಾಗೆ ಸುತ್ತಿ 22.00 ಮೀಟರ್ ಎಸೆದು ವಿಶ್ವದಾಖಲೆ ಮಾಡಿದ. ಗೊಡಿನಾ ಸುತ್ತುವ ಪಂಥದವನು. ಗುಂಡು ಮತ್ತು ಡಿಸ್ಕಸ್ ಎರಡರಲ್ಲೂ ಜಗತ್ತಿನ ಮೇಲ್ಸಾಲಿನಲ್ಲಿದ್ದ ಅಪರೂಪದ ಆಳು. ಡಿಸ್ಕಸ್ಸನ್ನು ಸುಮಾರು ಎಪ್ಪತ್ತು ಮೀಟರಿನವರೆಗೆ ಒಯ್ದಿದ್ದ. ಅದೇ ಸುತ್ತಿನ ಅನುಭವವೇ ವಿಕಾಸ್ ಗೌಡನಿಗೆ ಬೇಕಾಗಿದ್ದದ್ದು.

ಈಗ ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ತಾಲೂಕು ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಸುಣ್ಣದ ಪುಡಿಯಿಂದ ಎಳೆದ ವೃತ್ತದ ಹತ್ತಿರ ಒಂದು ಗಳಿಗೆ ನಿಂತು ನೋಡಿ. ಹೊಲದಲ್ಲಿ ಕಬ್ಬಿನ ಹೊರೆ ಹೊತ್ತು ಪಳಗಿದ ಹುಡುಗ ಬರುತ್ತಾನೆ. ಸುತ್ತ ನಿಂತವರು "ಹುಡುಗ ಗಟ್ಟಿ ಅದಾನ್ರಿ" ಅನ್ನುತ್ತಾರೆ, ಅದು ನಿಜವೇ. ಆತ ಗುಂಡನ್ನು ಅಂಗೈ ತುಂಬ ಹಿಡಿಯುತ್ತಾನೆ. ಹಿಡಿಯಬೇಕಾದದ್ದು ಬೆರಳುಗಳ ಬುಡದಲ್ಲಿ. ಅಂಗೈ ಗುಂಡಿಗೆ ಅಂಟಬಾರದು. ಗುಂಡು ಗದ್ದದ ಕೆಳಗೆ ಕೊರಳಿಗೆ ಒತ್ತಿರಬೇಕು, ಮೊಳಕೈ ಹೊರಕ್ಕೆ ಎತ್ತಿರಬೇಕು. ನಮ್ಮ ಹುಡುಗನ ಮೊಳಕೈ ಪಕ್ಕೆಗೆ ಅಂಟಿರುತ್ತದೆ, ಗುಂಡು ಭುಜದ ಹಿಂದೆ ಹೋಗುತ್ತದೆ. ಕವಣೆ ಕಲ್ಲಿನ ಹಾಗೆ ಬೀಸುತ್ತಾನೆ. ನಿಯಮದ ಪ್ರಕಾರ ಗುಂಡು ಭುಜದ ಗೆರೆಯ ಹಿಂದೆ ಹೋದರೆ ಎಸೆತ ಫೌಲು. ತೀರ್ಪುಗಾರ ಕೆಂಪು ಬಾವುಟ ಎತ್ತುತ್ತಾನೆ. ಫೌಲು ಆಗದಿದ್ದರೂ ಆತ ಎಸೆದದ್ದು ಬರೀ ತೋಳಿನಿಂದ. ಕಾಲೂ ಸೊಂಟವೂ ಸುಮ್ಮನೆ ನಿಂತು ನೋಡುತ್ತಿದ್ದವು.

ಕಲ್ಲು ಎತ್ತುವುದಕ್ಕೂ ಗುಂಡು ಎಸೆಯುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಕಲ್ಲು ನಿಧಾನಕ್ಕೆ ಎದ್ದರೂ ಎದ್ದ ಹಾಗೆಯೇ. ಮೊಳಕಾಲಿಗೆ ತಂದು, ತೊಡೆಯ ಮೇಲಿಟ್ಟು, ಉಸಿರು ತಗೊಂಡು ಎದೆಗೇರಿಸಿದರೂ ಜನ ಸೀಟಿ ಹೊಡೆಯುತ್ತಾರೆ. ಗುಂಡಿನಲ್ಲಿ ಉಸಿರು ತಗೊಳ್ಳಲು ಜಾಗವಿಲ್ಲ. ಬಲವೆಲ್ಲ ಕಣ್ಣು ರೆಪ್ಪೆ ಮುಚ್ಚುವುದರೊಳಗೆ ವೇಗವಾಗಬೇಕು. ಗುಂಡು ಎಷ್ಟು ದೂರ ಹೋಗುತ್ತದೆ ಎಂಬುದು ಅದು ಕೈಬಿಡುವ ಎತ್ತರ, ಕೋನ, ವೇಗ ಈ ಮೂರರ ಮೇಲೆ ನಿಂತಿದೆ. ಎತ್ತರ ಮೈಕಟ್ಟಿನಿಂದ ಬಂದದ್ದು. ಕೋನ 45 ಡಿಗ್ರಿ ಇರಬೇಕೆಂದು ಶಾಲೆಯಲ್ಲಿ ಕಲಿತದ್ದು ಇಲ್ಲಿ ನಡೆಯುವುದಿಲ್ಲ. ಗುಂಡು ನೆಲದಿಂದಲ್ಲ, ಎರಡು ಮೀಟರ್ ಮೇಲಿನಿಂದ ಹೊರಡುತ್ತದೆ, ಮೇಲಾಗಿ ಮನುಷ್ಯನ ದೇಹ ತೀರ ಮೇಲ್ಮುಖವಾಗಿ ಅಷ್ಟೇ ಜೋರಾಗಿ ತಳ್ಳಲಾರದು. ಹಾಗಾಗಿ ಒಳ್ಳೆಯ ಎಸೆತಗಳು ಹೆಚ್ಚಾಗಿ 35ರಿಂದ 38 ಡಿಗ್ರಿಯ ಆಸುಪಾಸಿನಲ್ಲಿ ಹೊರಡುತ್ತವೆ. ಉಳಿದದ್ದು ವೇಗ. ಅದರ ವರ್ಗದ ಲೆಕ್ಕದಲ್ಲಿ ದೂರ ಬೆಳೆಯುತ್ತದೆ. ಸೆಕೆಂಡಿಗೆ 13 ಮೀಟರ್ ವೇಗದಲ್ಲಿ ಬಿಟ್ಟ ಗುಂಡು ಸುಮಾರು 19 ಮೀಟರ್ ಹೋದರೆ, 14 ಮೀಟರ್ ವೇಗದಲ್ಲಿ ಬಿಟ್ಟದ್ದು 21 ಮೀಟರ್ ದಾಟುತ್ತದೆ. ಆ ಒಂದು ಮೀಟರಿನ ವೇಗ ತೋಳಿನಿಂದ ಬರುವುದಿಲ್ಲ. ಬಲಗಾಲಿನ ಪಾದ ತಿರುಗಿ ಸೊಂಟವನ್ನು ಮುಂದೆ ದೂಡಬೇಕು, ಭುಜ ಇನ್ನೂ ಹಿಂದೆಯೇ ಉಳಿದಿರಬೇಕು, ಎಡಗಾಲು ಗೂಟದ ಹಾಗೆ ನೆಟ್ಟು ನಿಂತು ಕೆಳಗಿನ ವೇಗವನ್ನು ತಡೆದು ಮೇಲಕ್ಕೆ ಕಳಿಸಬೇಕು. ತೋಳು ಬರುವುದು ಎಲ್ಲಕ್ಕಿಂತ ಕೊನೆಗೆ.

ಇದನ್ನು ಪುಸ್ತಕ ಓದಿದವರೂ ಹೇಳಬಲ್ಲರು. ಆದರೆ ಎಸೆತ ಕೆಟ್ಟಾಗ ಎಲ್ಲಿ ಕೆಟ್ಟಿತು ಎಂದು ಗುರುತಿಸುವ ಕಣ್ಣು ಬೇರೆ. ಗುಂಡು ಬಲಕ್ಕೆ ಜಾರಿ ಗೆರೆಯಾಚೆ ಬಿತ್ತು ಅನ್ನಿ. ನೋಡುವವನು ಕೈ ಬಿಟ್ಟ ಗಳಿಗೆಯನ್ನು ನೋಡಿ "ಕೈ ತಿದ್ದಿಕೋ" ಅನ್ನುತ್ತಾನೆ. ವೃತ್ತದಲ್ಲಿ ಸಾವಿರಾರು ಸಲ ಸುತ್ತಿದವನಿಗೆ ಗೊತ್ತು: ತಪ್ಪು ಆದದ್ದು ಹಿಂದಿನ ಅಂಚಿನಲ್ಲಿ, ಹೊರಡುವಾಗ ಎಡಗಾಲಿನ ಮೇಲೆ ಭಾರ ಪೂರ್ತಿ ಕೂರುವ ಮುನ್ನವೇ ತಲೆ ಒಳಗೆ ಬಿದ್ದಾಗ. ಮುಂದೆ ಆದದ್ದೆಲ್ಲ ಅದರ ಫಲ. ಇದು ತನ್ನ ಮೈಯಲ್ಲಿ ಅನುಭವಿಸಿದವನಿಗೆ ಬೇಗ ಕಾಣುತ್ತದೆ. ಹಾಗಂತ ದೊಡ್ಡ ಆಟಗಾರರೆಲ್ಲ ಒಳ್ಳೆಯ ಗುರುಗಳಾಗುತ್ತಾರೆ ಎಂದು ನಾನು ಹೇಳಲಾರೆ. ಹುಟ್ಟು ಪ್ರತಿಭೆಯಿಂದ ಗೆದ್ದವನಿಗೆ ಕಲಿಯುವವನ ಕಷ್ಟ ತಿಳಿಯದಿರಬಹುದು. ಬಹುಕಾಲ ಆಡಿದವನ ವಿಷಯ ಹಾಗಲ್ಲ. ಇಪ್ಪತ್ತೈದಕ್ಕೆ ಇದ್ದ ಮೈ ಮೂವತ್ತೈದಕ್ಕೆ ಇರುವುದಿಲ್ಲ. ಕಡಿಮೆಯಾದ ಚುರುಕನ್ನು ತಂತ್ರದಿಂದ ತುಂಬಿಕೊಳ್ಳುತ್ತ, ನೋವಿನ ಮೊಳಕಾಲಿಗೆ ಹೊಸ ದಾರಿ ಹುಡುಕುತ್ತ ಆತ ತನಗೆ ತಾನೇ ಎಷ್ಟೋ ಸಲ ಕಲಿಸಿಕೊಂಡಿರುತ್ತಾನೆ. ಅಂಥವನ ಗಂಟು ದೊಡ್ಡದು.

ನಮ್ಮ ದೇಶದಲ್ಲೇ ಇದಕ್ಕೆ ದೊಡ್ಡ ಸಾಕ್ಷಿ ಬಹಾದ್ದೂರ್ ಸಿಂಗ್. 1974ರ ಟೆಹ್ರಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಗುಂಡು ಎಸೆತದಲ್ಲಿ ಬೆಳ್ಳಿ, 1978ರ ಬ್ಯಾಂಕಾಕ್‌ನಲ್ಲಿ ಚಿನ್ನ, 1982ರ ದೆಹಲಿಯಲ್ಲಿ 18.53 ಮೀಟರ್ ಎಸೆದು ಮತ್ತೆ ಚಿನ್ನ. ದೆಹಲಿಯ ಹೊತ್ತಿಗೆ ಅವರಿಗೆ ಮೂವತ್ತಾರು ವಯಸ್ಸು. ನಡುವೆ 1980ರ ಮಾಸ್ಕೊ ಒಲಿಂಪಿಕ್ಸ್. ಆಟ ಮುಗಿಸಿದ ಮೇಲೆ ಮನೆಗೆ ಹೋಗಿ ಕೂರಲಿಲ್ಲ. 1995ರಲ್ಲಿ ಭಾರತ ಅಥ್ಲೆಟಿಕ್ಸ್ ತಂಡದ ಮುಖ್ಯ ತರಬೇತುದಾರರಾದರು. ಅಲ್ಲಿಂದ 2020ರವರೆಗೆ, ಇಪ್ಪತ್ತೈದು ವರ್ಷ ಅದೇ ಜವಾಬ್ದಾರಿ. ವಯಸ್ಸಿನ ಮಿತಿಯ ಕಾರಣಕ್ಕೆ ಅವರ ಅವಧಿ ಮುಂದುವರಿಯಲಿಲ್ಲ. ಮರುವರ್ಷವೇ ಟೋಕಿಯೊದಲ್ಲಿ ನೀರಜ್ ಚೋಪ್ರಾ ಜಾವೆಲಿನ್ ಚಿನ್ನ ಗೆದ್ದದ್ದು. ಗುಂಡು ಎಸೆತದಲ್ಲಿ ಏಷ್ಯನ್ ಚಿನ್ನಗಳ ಸಾಲನ್ನು ನೋಡಿದರೂ ಪರಂಪರೆ ಅಂದರೆ ಏನೆಂದು ತಿಳಿಯುತ್ತದೆ. ಪರ್ದುಮನ್ ಸಿಂಗ್ 1954 ಮತ್ತು 1958, ಜೋಗಿಂದರ್ ಸಿಂಗ್ 1966 ಮತ್ತು 1970, ಬಹಾದ್ದೂರ್ 1978 ಮತ್ತು 1982, ಬಹಾದ್ದೂರ್ ಸಿಂಗ್ ಸಗ್ಗೂ 2002, ತಜಿಂದರ್‌ಪಾಲ್ ಸಿಂಗ್ ತೂರ್ 2018 ಮತ್ತು 2023. ಹೆಚ್ಚಿನವರು ಪಂಜಾಬಿನವರು. ಪಂಜಾಬಿನ ಗೋಧಿಗೆ ನಮ್ಮ ಜೋಳ ಏನೂ ಕಡಿಮೆಯಲ್ಲ. ಅಲ್ಲಿ ಒಬ್ಬ ಎಸೆದದ್ದನ್ನು ಇನ್ನೊಬ್ಬ ಕಣ್ಣಾರೆ ಕಂಡ, ಎಸೆದವನೇ ಮುಂದೆ ಕಲಿಸಿದ. ಇಲ್ಲಿ ಆ ಕೊಂಡಿ ಬೆಸೆದುಕೊಳ್ಳಲಿಲ್ಲ.

ಕರ್ನಾಟಕದಲ್ಲಿ ಕೊಂಡಿ ಬೆಸೆದ ಒಂದು ಹೆಸರು ಇದೆ, ಜಾವೆಲಿನ್‌ನ ಕಾಶಿನಾಥ ನಾಯ್ಕ. ಶಿರಸಿ ಕಡೆಯವರು, ಸೇನೆ ಸೇರಿದವರು. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ 74.29 ಮೀಟರ್ ಎಸೆದು ಕಂಚು ಗೆದ್ದರು. ಅದೇ ಕೂಟದಲ್ಲಿ ವಿಕಾಸ್ ಗೌಡ ಡಿಸ್ಕಸ್‌ನಲ್ಲಿ ಬೆಳ್ಳಿ ಗೆದ್ದ. ಒಂದೇ ಕೂಟದ ಎಸೆತದಲ್ಲಿ ಇಬ್ಬರು ಕನ್ನಡಿಗರು, ಆ ತಂಡದ ಮುಖ್ಯ ತರಬೇತುದಾರ ಬಹಾದ್ದೂರ್ ಸಿಂಗ್! ನಾಯ್ಕ ಮುಂದೆ ತರಬೇತಿಗೆ ಇಳಿದರು. ಮೀರತ್ ಕಡೆಯ ರೈತನ ಮಗಳು ಅನ್ನು ರಾಣಿಯನ್ನು ಆರಂಭದ ವರ್ಷಗಳಲ್ಲಿ ತಿದ್ದಿದವರು ಅವರು. ಅನ್ನು 2014ರ ಇಂಚಿಯಾನ್ ಏಷ್ಯನ್ ಕೂಟದಲ್ಲಿ ಕಂಚು ಗೆದ್ದಳು. ಆಮೇಲೆ ಬೇರೆ ಗುರುಗಳ ಕೈಯಲ್ಲಿ ಬೆಳೆದು 2023ರಲ್ಲಿ ಹಾಂಗ್‌ಝೌದಲ್ಲಿ ಚಿನ್ನವನ್ನೇ ತಂದಳು. ಶಿರಸಿಯ ಅನುಭವ ಉತ್ತರ ಪ್ರದೇಶದ ಹುಡುಗಿಯ ಕೈಗೆ ಹೋಗಿ ಏಷ್ಯಾದ ಪದಕವಾಗಬಹುದಾದರೆ ಜಮಖಂಡಿಯ ಹುಡುಗನಿಗೆ ಅಂಥ ಅನುಭವ ಯಾಕೆ ಸಿಗಬಾರದು?

ಈ ಭಾಗಕ್ಕೆ ಗುರುಪರಂಪರೆ ಗೊತ್ತಿಲ್ಲ ಎಂದಲ್ಲ. ಗರಡಿಮನೆಯಲ್ಲಿ ಅದು ಇದ್ದೇ ಇದೆ. ಜಂಗಿ ನಿಕಾಲಿ ಕುಸ್ತಿ ಆಡಿದ ಪೈಲ್ವಾನ ವಯಸ್ಸಾದ ಮೇಲೆ ಉಸ್ತಾದನಾಗುತ್ತಾನೆ. ಕೆಂಪು ಮಣ್ಣಿನ ಅಖಾಡದ ಬದಿಗೆ ಕೂತು ಎಳೆಯರ ಪಟ್ಟು ತಿದ್ದುತ್ತಾನೆ. ಆತನಿಗೆ ಸರ್ಟಿಫಿಕೇಟು ಯಾರೂ ಕೇಳುವುದಿಲ್ಲ, ಆತ ಆಡಿದ್ದು ಊರಿಗೆಲ್ಲ ಗೊತ್ತು. ಬಾಗಲಕೋಟೆಯ ಹಳ್ಳಿಯಿಂದ ಹೊರಟ ಅರ್ಜುನ ಹಲಕುರ್ಕಿ 2020ರ ಏಷ್ಯನ್ ಕುಸ್ತಿ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದದ್ದು ಈ ಮಣ್ಣಿಗೆ ಕುಸ್ತಿಯ ನಂಟು ಎಷ್ಟು ಗಟ್ಟಿ ಎಂಬುದಕ್ಕೆ ಪುರಾವೆ. ಅಂಥ ಉಸ್ತಾದನೊಬ್ಬ ಎಸೆತದ ವೃತ್ತದ ಬದಿಗೂ ಕೂರಬೇಕು ಎಂಬುದಷ್ಟೇ ನಾನು ಕೇಳುತ್ತಿರುವುದು.

ಇದರ ಜೊತೆಗೆ ಒಂದು ಎಚ್ಚರದ ಮಾತನ್ನೂ ಹೇಳಬೇಕು. ಎಸೆತದ ಲೋಕಕ್ಕೆ ಮದ್ದಿನ ಪೀಡೆ ಬಹುಕಾಲದಿಂದ ಅಂಟಿದೆ. 1997ರಲ್ಲಿ ಗೊಡಿನಾ ವಿಶ್ವ ಚಾಂಪಿಯನ್ ಆದದ್ದೇ ಮೊದಲು ಬಂದ ಉಕ್ರೇನಿನ ಬಗಾಚ್ ನಿಷೇಧಿತ ಮದ್ದಿನಲ್ಲಿ ಸಿಕ್ಕಿಬಿದ್ದು ಪದಕ ಕಳೆದುಕೊಂಡ ಮೇಲೆ. 2004ರ ಒಲಿಂಪಿಕ್ಸ್‌ನ ಗುಂಡು ಎಸೆತ ನಡೆದದ್ದು ಗ್ರೀಸಿನ ಪುರಾತನ ಒಲಿಂಪಿಯಾದ ಬಯಲಿನಲ್ಲಿ. ಅಲ್ಲಿ ಚಿನ್ನ ಗೆದ್ದ ಬಿಲೊನೊಹ್‌ನ ಪದಕವನ್ನು ಮದ್ದಿನ ಕಾರಣಕ್ಕೆ 2012ರಲ್ಲಿ ಕಿತ್ತುಕೊಳ್ಳಲಾಯಿತು. ಎರಡನೆಯವನಾಗಿದ್ದ ಆಡಂ ನೆಲ್ಸನ್‌ಗೆ ಆ ಚಿನ್ನ 2013ರಲ್ಲಿ ಅಟ್ಲಾಂಟಾ ವಿಮಾನ ನಿಲ್ದಾಣದ ತಿಂಡಿ ಅಂಗಡಿಗಳ ಆವರಣದಲ್ಲಿ ಕೈಗೆ ಬಂತು. ರಾಷ್ಟ್ರಗೀತೆ ಇಲ್ಲ, ಧ್ವಜ ಏರಲಿಲ್ಲ. ಪ್ರಾಮಾಣಿಕವಾಗಿ ಎಸೆದವನಿಗೆ ಒಂಬತ್ತು ವರ್ಷದ ಅನ್ಯಾಯ. ನಮ್ಮ ಸಣ್ಣ ಊರುಗಳಲ್ಲೂ ಈಗ ಜಿಮ್ಮುಗಳು ಬಂದಿವೆ, ಡಬ್ಬಿಯ ಪುಡಿಗಳು ಬಂದಿವೆ, ಯಾವುದರಲ್ಲಿ ಏನಿದೆ ಎಂದು ಕೇಳುವವರಿಲ್ಲ. ಬೇಗ ಮೈ ಬೆಳೆಸಿಕೊಳ್ಳುವ ಆಸೆಗೆ ಬಿದ್ದ ಹುಡುಗನ ಕೈ ಹಿಡಿದು, "ನಿನ್ನ ವಯಸ್ಸಿಗೆ ಅವಸರ ಬೇಡ, ಈ ಆಟದಲ್ಲಿ ಮೂವತ್ತಕ್ಕೂ ಗೆಲ್ಲಬಹುದು" ಎಂದು ಹೇಳುವವನು ಬೇಕು. ಹಾಗೆ ಹೇಳಿದಾಗ ನಂಬಿಕೆ ಹುಟ್ಟುವುದು ಸ್ವತಃ ಮೂವತ್ತು ದಾಟಿಯೂ ಎಸೆದವನು ಹೇಳಿದರೆ.

ಕೆಲಸ ಶುರುಮಾಡಲು ಕೋಟಿಗಟ್ಟಲೆ ಹಣ ಬೇಡ. ಸಿಂಥೆಟಿಕ್ ಟ್ರ್ಯಾಕ್ ಬರಲಿ ಎಂದು ಕಾಯುವುದೂ ಬೇಡ. ಎಸೆತಕ್ಕೆ ಬೇಕಾದದ್ದು ಒರಟು ಗಾರೆಯ 2.135 ಮೀಟರಿನ ಒಂದು ವೃತ್ತ, ಸುತ್ತ ಕಬ್ಬಿಣದ ಪಟ್ಟಿ, ಮುಂದೊಂದು ಮರದ ಹಲಗೆ, ಗುಂಡು ಬೀಳಲು ಮೆದು ನೆಲ. ಹದಿನೆಂಟರೊಳಗಿನ ಹುಡುಗಿಯರಿಗೆ 3 ಕಿಲೊ, ಹುಡುಗರಿಗೆ 5 ಕಿಲೊ, ಇಪ್ಪತ್ತರೊಳಗಿನ ಹುಡುಗರಿಗೆ 6 ಕಿಲೊ ಹೀಗೆ ತೂಕ ತೂಕದ ಗುಂಡುಗಳು. ನಮ್ಮ ಶಾಲೆಗಳಲ್ಲಿ ಹದಿನಾಲ್ಕರ ಹುಡುಗನ ಕೈಗೂ ಸಿಕ್ಕ ಗುಂಡನ್ನೇ ಕೊಟ್ಟು ಎಸೆಸುವುದುಂಟು. ಭಾರ ಹೆಚ್ಚಾದರೆ ಆತ ತಪ್ಪು ಕ್ರಮವನ್ನೇ ಮೈಗೂಡಿಸಿಕೊಳ್ಳುತ್ತಾನೆ, ಭುಜವೂ ಕೆಡುತ್ತದೆ. ಹುಡುಗಿಯರ ಮಾತನ್ನು ಬೇರೆಯಾಗಿಯೇ ಹೇಳಬೇಕು. ನೀರಿನ ಕೊಡ, ಮೇವಿನ ಹೊರೆ ಹೊತ್ತು ಗಟ್ಟಿಯಾದ ಹೆಣ್ಣುಮಕ್ಕಳು ಈ ಹಳ್ಳಿಗಳಲ್ಲಿ ಮನೆಗೊಬ್ಬರಿದ್ದಾರೆ. ಕಲ್ಲು ಎತ್ತುವ ಜಾತ್ರೆಯ ಬಯಲು ಅವರಿಗೆ ತೆರೆದಿಲ್ಲ. ಎಸೆತದ ವೃತ್ತ ತೆರೆಯಬಹುದು.

ಸಕ್ಕರೆ ಕಾರ್ಖಾನೆಗಳು ಇಷ್ಟಿರುವ ಸೀಮೆ ಇದು. ಅವುಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ತಾಲೂಕಿಗೊಂದು ವೃತ್ತ ಕಟ್ಟಿಸುವುದು ಭಾರವಾಗದು. ಕ್ರೀಡಾ ಇಲಾಖೆಯವರು ದಸರಾ ಕ್ರೀಡಾಕೂಟದಲ್ಲಿ ಗೆದ್ದ ಹುಡುಗನ ಹೆಸರು ಬರೆದುಕೊಂಡು ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರೆ. ಮರುದಿನದಿಂದ ಆತ ಎಲ್ಲಿ ಎಸೆಯಬೇಕು, ಯಾರ ಮುಂದೆ ಎಸೆಯಬೇಕು ಎಂಬುದಕ್ಕೂ ಉತ್ತರ ಕೊಡಲಿ. ಕಲ್ಲು ಎತ್ತುವ ಸ್ಪರ್ಧೆ ನಡೆಸುವ ಜಾತ್ರಾ ಕಮಿಟಿಗಳು ಅದರ ಪಕ್ಕದಲ್ಲೇ ಗುಂಡು ಎಸೆತವನ್ನೂ ಇಟ್ಟು ನೋಡಲಿ. ಬೆಳ್ಳಿ ಕಡಗ ಕೊಡುವ ಕೈ ಗುಂಡು ಎಸೆದವನಿಗೂ ಒಂದು ಕೊಡಲಿ.

ಇನ್ನು ಸೇನೆಯಲ್ಲಿ, ಪೊಲೀಸು ಇಲಾಖೆಯಲ್ಲಿ, ರೈಲ್ವೆಯಲ್ಲಿ ಇದ್ದು ಎಸೆತ ಆಡಿ ಈಗ ನಿವೃತ್ತರಾಗಿ ಊರಿಗೆ ಮರಳಿದ ಅಣ್ಣಂದಿರಿಗೆ, ಅಕ್ಕಂದಿರಿಗೆ ನನ್ನ ನೇರ ಬಿನ್ನಹ. ನೀವು ರಾಜ್ಯ ಮಟ್ಟದಲ್ಲಿ ಆರನೆಯವರಾಗಿದ್ದರೂ ಪರವಾಗಿಲ್ಲ, ಘಟಕದ ಕ್ರೀಡಾಕೂಟದಲ್ಲಿ ಮಾತ್ರ ಗೆದ್ದಿದ್ದರೂ ಪರವಾಗಿಲ್ಲ. ನಿಮ್ಮೂರಿನ ಹೈಸ್ಕೂಲ್ ಮೈದಾನಕ್ಕೆ ವಾರಕ್ಕೆರಡು ಸಂಜೆ ಬನ್ನಿ. ದೈಹಿಕ ಶಿಕ್ಷಕರನ್ನು ಮಾತಾಡಿಸಿ, ಅಲ್ಲಿ ಮೂಲೆಗೆ ಬಿದ್ದಿರುವ ಗುಂಡು ಎತ್ತಿಕೊಳ್ಳಿ, ಅದನ್ನು ಬೆರಳ ಬುಡದಲ್ಲಿ ಹಿಡಿಯುವುದು ಹೇಗೆಂದು ಒಬ್ಬ ಹುಡುಗನಿಗೆ, ಒಬ್ಬ ಹುಡುಗಿಗೆ ತೋರಿಸಿಕೊಡಿ.